ಕತ್ತಲಾದರೂ ಪಾರಿವಾಳ ಗೂಡಿಗೆ ಬರಬೇಕೇ? ಹೀಗೆ ಪಳಗಿಸಿ

ವಿಜಯಪುರದಲ್ಲಿ ಸಂಜೆ ಮಾಳಿಗೆ ಹತ್ತಿದರೆ ಎಲ್ಲಿಂದಲೋ ಒಂದು ಸಿಳ್ಳೆ ಕೇಳಿಸುತ್ತದೆ. ಮೇಲೆ ಸುತ್ತು ಹಾಕುತ್ತಿದ್ದ ಪಾರಿವಾಳಗಳು ಒಂದೊಂದಾಗಿ ಇಳಿಯುತ್ತವೆ. ಹಕ್ಕಿ ಹಾರಿಸುವುದು ದೊಡ್ಡ ಮಾತಲ್ಲ, ಕತ್ತಲಾಗುವಾಗ ಅದು ತಾನಾಗಿ ಒಳಗೆ ಬರಬೇಕು. ಆ ಪಾಠ ಶುರುವಾಗುವುದು ಅದರ ಹೊಟ್ಟೆಯಿಂದ.

ಮರಿಯಿಂದಲೇ ಶುರುಮಾಡಿ

ಮೊಟ್ಟೆಯೊಡೆದು 28–30 ದಿನಕ್ಕೆ ಮರಿ ತಾನೇ ಕಾಳು ತಿನ್ನುತ್ತದೆ. ಆಗಲೇ ತನ್ನಿ. ಬೇರೆ ಕಡೆ ಹಾರಿ ಪಳಗಿದ ದೊಡ್ಡ ಹಕ್ಕಿ ಕೊಂಡರೆ, ಬಿಟ್ಟ ದಿನವೇ ಹಳೇ ಮಾಳಿಗೆಗೆ ಹೋಗಿ ಕೂತುಬಿಡಬಹುದು. ಅಂಥ ಜೋಡಿಯನ್ನು ಒಳಗೇ ಇಟ್ಟು, ಅದರ ಮರಿಗಳನ್ನು ಪಳಗಿಸಿ. ಗೋಲಗುಂಬಜ್ ಸುತ್ತ ಹಾರುವ ಕಾಡು ಪಾರಿವಾಳಗಳನ್ನು ಹಿಡಿದು ತರುವ ಯೋಚನೆ ಬೇಡವೇ ಬೇಡ. ಅವುಗಳ ಮನೆ ಅದೇ.

ಗೂಡಿನ ಬಾಗಿಲು

ಬಾಗಿಲು ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ಸಿಗುತ್ತದೆ, ಸಂಜೆಯ ಝಳ ತಪ್ಪುತ್ತದೆ. ನಮ್ಮ ಬೇಸಿಗೆಗೆ ತಗಡಿನ ಮೇಲೆ ಜೋಳದ ದಂಟು ಹೊದಿಸಲೇಬೇಕು. ಮುಂದೆ ಇಳಿಯಲು ಅಗಲವಾದ ಹಲಗೆ ಇರಲಿ.

ಬಾಗಿಲಿಗೆ ಮೇಲಿನಿಂದ ತಂತಿ ಕಡ್ಡಿಗಳನ್ನು ತೂಗುಬಿಡಿ. ಕೆಳಗೆ ಹೊರಬದಿಗೆ ಒಂದು ಅಡ್ಡಪಟ್ಟಿ ಕೊಟ್ಟರೆ ಅವು ಒಳಗೆ ಮಾತ್ರ ಸರಿಯುತ್ತವೆ. ಹಕ್ಕಿ ಎದೆಯಿಂದ ತಳ್ಳಿ ಒಳಗೆ ಬಂದ ಮೇಲೆ ಟಿಣ್ ಅಂತ ಮತ್ತೆ ಬೀಳುತ್ತವೆ. ಮರಿಗೆ ಮೊದಲು ಈ ಕಡ್ಡಿಯ ಭಯ. ಕತ್ತು ಉದ್ದ ಮಾಡಿ ನೋಡುತ್ತದೆ, ಹಿಂದೆ ಸರಿಯುತ್ತದೆ. ಎರಡು ಕಡ್ಡಿ ಎತ್ತಿ ಕಟ್ಟಿ ಸಂದು ಬಿಡಿ. ಮರುದಿನ ಅದರ ಎದೆಯನ್ನು ಮೆಲ್ಲಗೆ ಒಂದು ಕಡ್ಡಿಗೆ ತಾಗಿಸಿ. ಸರಿಯುತ್ತದೆ ಅಂತ ಗೊತ್ತಾದರೆ ಆಯ್ತು, ಮುಂದೆ ನಿಮ್ಮ ಸಹಾಯ ಬೇಕಿಲ್ಲ.

ಹೊರಗೆ ಬಿಡುವ ಮೊದಲು ಒಂದು ವಾರ ಹಲಗೆಯ ಮೇಲೆ ಜಾಲರಿ ಪಂಜರ ಇಟ್ಟು ಮರಿಗಳನ್ನು ಕೂರಿಸಿ. ಉಪ್ಪಲಿ ಬುರುಜು ಯಾವ ಕಡೆ, ಪಕ್ಕದ ಮನೆಯ ಟ್ಯಾಂಕು ಯಾವ ಕಡೆ ಅಂತ ಸುಮ್ನೆ ನೋಡುತ್ತಾ ಕಲಿಯುತ್ತವೆ.

ಸಂಜೆಯ ಕಾಳು

ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಕಾಳು ಸಾಕು. ಬಿಳಿಜೋಳ, ಸಜ್ಜೆ, ಗೋವಿನಜೋಳ, ಜೊತೆಗೆ ಹೆಸರು ಅಥವಾ ಕಡಲೆ. ಬೆಳಿಗ್ಗೆ ಮೂರರಲ್ಲಿ ಒಂದು ಪಾಲು, ಸಂಜೆ ಗೂಡಿನೊಳಗೆ ಉಳಿದದ್ದು. ಹಾಕುವಾಗ ಪ್ರತಿ ಸಲ ಒಂದೇ ಥರ ಸಿಳ್ಳೆ ಹಾಕಿ, ಇಲ್ಲವೇ ಡಬ್ಬಿ ಅಲ್ಲಾಡಿಸಿ. ನೀರು ಮಾತ್ರ ಯಾವಾಗಲೂ ಇರಲಿ.

ಒಡಿಶಾ ಪೊಲೀಸರು 1946ರಲ್ಲಿ ಪಾರಿವಾಳ ಅಂಚೆ ಶುರುಮಾಡಿದ್ದರು. ಅದರಲ್ಲಿ ಎರಡೂ ಕಡೆ ಓಡಾಡುವ ಹಕ್ಕಿಗಳೂ ಇದ್ದವು. ಒಂದು ಕಡೆ ಗೂಡು, ಇನ್ನೊಂದು ಕಡೆ ಊಟ ಇಟ್ಟರೆ ಪಾರಿವಾಳ ಎರಡೂ ದಾರಿ ಕಲಿಯುತ್ತದೆ. ಊಟಕ್ಕೆ ಅಷ್ಟು ಶಕ್ತಿ ಇದೆ.

ಇದನ್ನು ನಾನು ಕಲಿತದ್ದು ಎರಡು ಮರಿ ಕಳೆದುಕೊಂಡ ಮೇಲೆ. ಒಂದು ದಿನ ಮಧ್ಯಾಹ್ನವೇ ಹೊಟ್ಟೆ ತುಂಬಾ ಹಾಕಿ ಸಂಜೆ ಬಿಟ್ಟೆ. ಎಷ್ಟು ಸಿಳ್ಳೆ ಹಾಕಿದರೂ ಅವು ಪಕ್ಕದ ಟ್ಯಾಂಕಿನಿಂದ ಇಳಿಯಲಿಲ್ಲ. ರಾತ್ರಿ ಬೆಕ್ಕು ಹತ್ತಿತು. ಈಗ ಬಿಡುವ ಮೊದಲು ಪ್ರತಿಯೊಂದರ ಕತ್ತಿನ ಬುಡ ಬೆರಳಿಂದ ಒತ್ತಿ ನೋಡುತ್ತೇನೆ. ಕಾಳಿನ ಚೀಲ ಗಟ್ಟಿಯಾಗಿ ಕೈಗೆ ಸಿಕ್ಕರೆ ಅವತ್ತು ಬಿಡುವುದಿಲ್ಲ.

ದೀಪದ ಅಭ್ಯಾಸ

ಪಾರಿವಾಳ ಹಗಲಿನ ಹಕ್ಕಿ, ಕತ್ತಲಲ್ಲಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಆತುರ ಬೇಡ. ಮೊದಲ ದಿನ ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗ ಬಾಗಿಲು ತೆರೆಯಿರಿ. ಓಡಿಸಬೇಡಿ, ಅವೇ ಹೊರಗೆ ಬರಲಿ. ಹತ್ತು ನಿಮಿಷಕ್ಕೆ ಸಿಳ್ಳೆ ಹಾಕಿ ಕರೆಯಿರಿ. ಅವು ಚೆನ್ನಾಗಿ ಬರತೊಡಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಐದೈದು ನಿಮಿಷ ತಡ ಮಾಡುತ್ತಾ ಹೋಗಿ. ಗಡಿಯಾರ ನೋಡಬೇಡಿ, ಬೆಳಕು ನೋಡಿ. ನಮ್ಮಲ್ಲಿ ಡಿಸೆಂಬರಿನಲ್ಲಿ ಆರಕ್ಕೇ ಸೂರ್ಯ ಮುಳುಗಿದರೆ ಜೂನ್‌ನಲ್ಲಿ ಏಳಾಗುತ್ತದೆ.

ಮೊದಲ ದಿನದಿಂದಲೇ ಹಲಗೆಯ ಮೇಲೊಂದು, ಗೂಡಿನೊಳಗೊಂದು ಬಲ್ಬು ಹಚ್ಚಿ. ಬೆಳಕಿದ್ದಾಗಲೇ ಹಚ್ಚಿದರೆ, ಆ ದೀಪ ಅಂದರೆ ಊಟ, ಮನೆ ಅಂತ ಹಕ್ಕಿಗೆ ಗಟ್ಟಿಯಾಗುತ್ತದೆ. ಬಲ್ಬು ಕೆಳಮುಖವಾಗಿ ಹಲಗೆಯ ಮೇಲೆ ಬೀಳಲಿ, ಬರುವ ಹಕ್ಕಿಯ ಕಣ್ಣಿಗೆ ಹೊಡೆಯಬಾರದು. ಟಾರ್ಚ್ ಬಿಡಲೇಬೇಡಿ.

ಮೋಡ, ಜೋರು ಗಾಳಿ ಇದ್ದ ಸಂಜೆ ಬಾಗಿಲು ತೆರೆಯಬೇಡಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುತ್ತಾರಲ್ವಾ, ಆ ದಿನಗಳಲ್ಲೂ ಹಕ್ಕಿ ಒಳಗೇ ಇರಲಿ. ಮಾಂಜಾ ದಾರ ಕಂಡರೂ ಅಷ್ಟೇ.

ದೂರದಿಂದ ಬಿಡುವ ಆಸೆ ಇದ್ದರೆ ಅದು ಬೆಳಗಿನ ಕೆಲಸ. ಮೊದಲು ಒಂದು ಕಿಲೋಮೀಟರ್, ಆಮೇಲೆ ತೊರವಿ, ಆಮೇಲೆ ಬಬಲೇಶ್ವರ.

ಒಂದು ಹಕ್ಕಿ ಬರದಿದ್ದರೆ ಕಲ್ಲು ಬೀರಬೇಡಿ, ಕೋಲು ಬೀಸಬೇಡಿ. ಕತ್ತಲಲ್ಲಿ ಹೆದರಿ ಹಾರಿದ್ದು ತಂತಿಗೆ ಬಡಿಯುತ್ತದೆ. ದೀಪ ಹಾಗೇ ಇರಲಿ, ಕಡ್ಡಿಬಾಗಿಲು ತೆರೆದಿರಲಿ. ಬೆಕ್ಕಿನ ಕಾಟ ಇದ್ದರೆ ಆ ರಾತ್ರಿ ನೀವೂ ಮಾಳಿಗೆಯ ಮೇಲೇ ಮಲಗಿ. ಬೆಳಕು ಹರಿಯುವಾಗ ಡಬ್ಬಿ ಅಲ್ಲಾಡಿಸಿ, ಹಸಿದ ಹಕ್ಕಿ ಇಳಿದು ಬರುತ್ತದೆ. ಎಲ್ಲಾ ಬಂದಿವೆ ಅಂದರೆ ಒಮ್ಮೆ ಎಣಿಸಿ, ಹೊರಗಿನ ದೀಪ ಆರಿಸಿ, ಚಿಲಕ ಹಾಕಿ.