ಒಬ್ಬರೇ ಮೇಷ್ಟ್ರು, ಐದು ಕ್ಲಾಸು: ಸರ್ಕಾರಿ ಶಾಲೆ ಮೇಲೆ ಸಾಕ್ಷ್ಯಚಿತ್ರ ಮಾಡಿದ ನನ್ನ ಅನುಭವ

ಸರ್ಕಾರಿ ಶಾಲೆಯ ಸಮಸ್ಯೆ ಬಗ್ಗೆ ಚಿತ್ರ ಮಾಡುತ್ತೇನೆ, ಆದರೆ ಒಂದೂ ಸಂದರ್ಶನ ಇರಲ್ಲ, ಹಿನ್ನೆಲೆ ಧ್ವನಿಯೂ ಇರಲ್ಲ ಅಂದಾಗ ಗೆಳೆಯರೆಲ್ಲ ಬೇಡ ಅಂದಿದ್ದರು. ಕ್ಯಾಮೆರಾ ಮುಂದೆ ಅಧಿಕಾರಿಯ ಹೇಳಿಕೆ ಇಲ್ಲದೆ, ಸೋರುವ ಸೂರಿನ ಶಾಟ್ ಇಲ್ಲದೆ ಯಾರು ನೋಡುತ್ತಾರೆ ಅನ್ನೋದು ಅವರ ಮಾತು. ಈಗ 34 ನಿಮಿಷದ ಚಿತ್ರ ಮುಗಿದಿದೆ. ಏಳೆಂಟು ಕಡೆ ತೋರಿಸಿಯೂ ಆಯ್ತು, ಎಲ್ಲೂ ಜನ ಮಧ್ಯದಲ್ಲಿ ಎದ್ದು ಹೋಗಿಲ್ಲ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲ ಸಲ ನಾನೂ ಎಲ್ಲರಂತೆಯೇ ಹೊರಟಿದ್ದೆ. ನಾಲ್ಕು ತಾಲೂಕು ಸುತ್ತಿ ಹದಿಮೂರೋ ಹದಿನಾಲ್ಕೋ ಶಾಲೆಗಳಲ್ಲಿ ಮೇಷ್ಟ್ರುಗಳನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿದೆ. ಎಂಟು ತಿಂಗಳು, ಹತ್ತಿರ ಹತ್ತಿರ 60,000 ರೂಪಾಯಿ. ಟೀ ಕುಡಿಯುವಾಗ ಮನಸ್ಸು ಬಿಚ್ಚಿ ಮಾತಾಡಿದವರೇ ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ 'ಯಾವ ತೊಂದರೆಯೂ ಇಲ್ಲ ಸಾರ್' ಅನ್ನುತ್ತಿದ್ದರು. ತಪ್ಪು ಅವರದಲ್ಲ. ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರರು ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. ಗಟ್ಟಿ ಮನಸ್ಸು ಮಾಡಿ ಮಾತಾಡಿದ ಒಬ್ಬ ಮೇಡಂ ಎರಡು ವಾರ ಬಿಟ್ಟು ಫೋನ್ ಮಾಡಿ, ದಯವಿಟ್ಟು ತೆಗೆದುಬಿಡಿ ಎಂದು ಅತ್ತರು. ತೆಗೆದೆ. ಅವರ ಮಾತೇ ಚಿತ್ರದ ಬೆನ್ನೆಲುಬಾಗಿತ್ತು. ಉಳಿದದ್ದು ಕೆಲಸಕ್ಕೆ ಬರಲಿಲ್ಲ.

ಹಾಗಾಗಿ ಎರಡನೇ ಸಲ ಯಾರಿಗೂ ಪ್ರಶ್ನೆಯೇ ಕೇಳಲಿಲ್ಲ. ಮಲೆನಾಡಿನ ಒಂದು ಕಿರಿಯ ಪ್ರಾಥಮಿಕ ಶಾಲೆ, 27 ಮಕ್ಕಳು, ಒಬ್ಬರೇ ಮೇಷ್ಟ್ರು. ಅವರ ದಿನ ಎಲ್ಲಿ ಖರ್ಚಾಗುತ್ತೆ ಅಂತ ತೋರಿಸೋದು, ಅಷ್ಟೇ. ಕ್ಯಾಮೆರಾ ಯಾವಾಗಲೂ ನೆಲದ ಮೇಲೆ ಕೂತ ಮಗುವಿನ ಕಣ್ಣಿನ ಮಟ್ಟದಲ್ಲಿ. ಟ್ರೈಪಾಡ್ ಅಷ್ಟು ಕೆಳಗೆ ಇಳಿಯಲ್ಲ, ಮರಳು ತುಂಬಿದ ಚೀಲದ ಮೇಲೆ ಇಟ್ಟೆ. ಒಂದೇ ಲೆನ್ಸ್, 35 ಎಂಎಂ.

ಅನುಮತಿಗೆ ಎರಡು ತಿಂಗಳು ಅಲೆದೆ. ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಅಪ್ಪ ಅಮ್ಮಂದಿರ ಸಹಿ ಮೊದಲು ತಗೊಳ್ಳಿ, ಆ ಹಾಳೆ ಕೈಯಲ್ಲಿದ್ದರೆ ಮೇಲಿನವರು ಸ್ವಲ್ಪ ಮೆತ್ತಗಾಗುತ್ತಾರೆ. ಮಂಜೂರಾದ ಹುದ್ದೆ ಎಷ್ಟು ಅಂತ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಒಂದೇ ಅರ್ಜಿಯಲ್ಲಿ ಆರು ಪ್ರಶ್ನೆ ತುರುಕಿದ್ದಕ್ಕೆ ವಾಪಸ್ ಬಂತು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಆರು ಅರ್ಜಿ ಮಾಡಿ, ಒಂದಕ್ಕೆ 10 ರೂಪಾಯಿಯಂತೆ 60 ಕಟ್ಟಿದೆ. ಇಡೀ ಚಿತ್ರದಲ್ಲಿ ಅತಿ ಹೆಚ್ಚು ಫಲ ಕೊಟ್ಟ 60 ರೂಪಾಯಿ ಅದು. ಮಂಜೂರಾದದ್ದು ಎರಡು ಹುದ್ದೆ, ಒಂದು ಮೂರು ವರ್ಷದಿಂದ ಖಾಲಿ ಎಂಬ ಉತ್ತರ ಸಹಿ ಸಮೇತ ಕೈಗೆ ಬಂತು.

ಮಕ್ಕಳು ಕ್ಯಾಮೆರಾ ನೋಡಿ ಹಲ್ಲು ಕಿರಿಯೋದು ಎಲ್ಲರ ತಲೆನೋವು. ಮೊದಲ ಒಂಬತ್ತು ದಿನ ಆನ್ ಮಾಡದೆ ಸುಮ್ನೆ ಮೂಲೆಯಲ್ಲಿ ಇಟ್ಟು ಕೂತೆ. ಅದರ ಜೊತೆ ಇನ್ನೊಂದು ಉಪಾಯವೂ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ಚಿತ್ರಕ್ಕೆ ಬೇಕು. ಹತ್ತನೇ ದಿನದಿಂದ ಒಂದು ಮಗುವೂ ತಿರುಗಿ ನೋಡಲಿಲ್ಲ.

ಆಮೇಲೆ ಸ್ಟಾಪ್‌ವಾಚ್ ಹಿಡಿದೆ. ಪ್ರಾರ್ಥನೆ, ಹಾಜರಿ, ಹಾಲು, ಮೊಟ್ಟೆ ಲೆಕ್ಕ, ಅಕ್ಕಿ ಬೇಳೆ ರಿಜಿಸ್ಟರು, ಮಕ್ಕಳ ವಿವರ ಇಡುವ ಸರ್ಕಾರಿ ಜಾಲತಾಣ ಸ್ಯಾಟ್ಸ್‌ನಲ್ಲಿ ತುಂಬೋದು. ನೆಟ್‌ವರ್ಕ್ ಸಿಗೋದು ಕಾಂಪೌಂಡಿನ ಒಂದು ಮೂಲೆಯಲ್ಲಿ ಮಾತ್ರ, ಮೇಷ್ಟ್ರು ದಿನಾ ಅಲ್ಲಿ ಒಂದು ಕಲ್ಲಿನ ಮೇಲೆ ನಿಂತು ಫೋನ್ ಎತ್ತಿ ಹಿಡಿಯುತ್ತಾರೆ. ಒಳಗೆ 1ರಿಂದ 3ರವರೆಗಿನ ನಲಿ-ಕಲಿ (ಮೂರೂ ತರಗತಿಯನ್ನು ಒಟ್ಟಿಗೆ ಕೂರಿಸಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ಪದ್ಧತಿ) ಮಕ್ಕಳು ಕಾರ್ಡು ಹಿಡಿದು ಕಾಯ್ತಾ ಇರುತ್ತಾರೆ, ಆ ಕಡೆ ಗೋಡೆಗೆ 4 ಮತ್ತು 5. ಲೆಕ್ಕ ಹಾಕಿದರೆ ಒಂದು ತರಗತಿಗೆ ಮೇಷ್ಟ್ರು ನೇರವಾಗಿ ಸಿಕ್ಕಿದ್ದು ದಿನಕ್ಕೆ ಸುಮಾರು 35 ನಿಮಿಷ. ಮತದಾರರ ಪಟ್ಟಿ ಕೆಲಸಕ್ಕೆ ಕರೆದ ದಿನ ಸೊನ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬೇಡಿ ಅನ್ನುತ್ತೆ. ಚುನಾವಣೆ ಕೆಲಸ ಕಾನೂನಿನ ಒಳಗೇ ಇದೆ, ಆದರೆ ಒಬ್ಬರೇ ಇರುವ ಕಡೆ ಅವರು ಹೊರಟರೆ ಶಾಲೆಯೇ ಹೊರಟ ಹಾಗೆ ಅಲ್ವಾ?

ಜುಲೈನಲ್ಲಿ ಆರು ದಿನದ ಆಡಿಯೋ ಪೂರ್ತಿ ಹಾಳಾಯಿತು. ತಗಡಿನ ಮೇಲೆ ಮಳೆ ಬಿದ್ದರೆ ಮೈಕ್ ಒಡೆದು ಹೋಗುವಷ್ಟು ಸದ್ದು. ಕೈ ಚೆಲ್ಲಿ ಕೂತಿದ್ದಾಗ ಎದುರಿಗೇ ನಡೆಯುತ್ತಿದ್ದುದು ಕಣ್ಣಿಗೆ ಬಿತ್ತು. ಮೇಷ್ಟ್ರು ಪಾಠ ನಿಲ್ಲಿಸಿ ಬೋರ್ಡ್ ಮೇಲೆ ಒಂದು ಪದ ಬರೆದರು, 'ಕಪ್ಪೆ'. ಮಕ್ಕಳೆಲ್ಲ ಬಾಯಿ ತೆರೆದು ಓದಿದರು. ಒಂದು ಅಕ್ಷರವೂ ಕೇಳಲ್ಲ, ತುಟಿ ಮಾತ್ರ ಆಡುತ್ತೆ. ಅಳಿಸಿ 'ಕೊಡೆ' ಬರೆದರು. ಹೀಗೆ ಇಪ್ಪತ್ತು ನಿಮಿಷ. ಒಂದನೇ ಕ್ಲಾಸಿನ ಪುಟ್ಟ ಹುಡುಗಿ ಪಕ್ಕದವಳ ತುಟಿ ನೋಡಿಕೊಂಡು ಓದುತ್ತಿದ್ದಳು. ಹಾಳಾಯಿತು ಅಂದುಕೊಂಡ ಅದೇ ಸದ್ದನ್ನು ಇಟ್ಟುಕೊಂಡು ನಾಲ್ಕು ನಿಮಿಷ ಹಾಗೇ ಬಿಟ್ಟಿದ್ದೇನೆ. ನೋಡಿದವರೆಲ್ಲ ಮೊದಲು ಕೇಳೋದು ಆ ದೃಶ್ಯದ ಬಗ್ಗೆ.

ನಡುವೆ ಒಂದು ಪ್ರಯೋಗಕ್ಕೆ ಐದನೇ ಕ್ಲಾಸಿನ ಮಕ್ಕಳ ಕೈಗೆ ನನ್ನ ಹಳೇ ಫೋನ್ ಕೊಟ್ಟೆ. ಹುಡುಗರು ಚೆಂಡು, ನಾಯಿ ತೆಗೆದರು. ಇಬ್ಬರು ಹುಡುಗಿಯರು ಶೌಚಾಲಯದ ಬೀಗ, ಒಣಗಿದ ನಲ್ಲಿ, ಹಿಂದಿನ ತೋಟಕ್ಕೆ ಹೋಗುವ ಕಾಲುದಾರಿ ತೆಗೆದು ತಂದರು. ಎರಡು ತಿಂಗಳಲ್ಲಿ ಆ ದಾರಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದು ಹಾಗೇ ಚಿತ್ರದಲ್ಲಿದೆ.

ಒಟ್ಟು ಖರ್ಚು 1,40,000 ಆಸುಪಾಸು, ಅದರಲ್ಲಿ ಸೌಂಡ್ ಮಿಕ್ಸಿಂಗ್‌ಗೇ 30,000 ಹೋಯಿತು. ಅರ್ಧ ನನ್ನದು, ಅರ್ಧ ಮದುವೆ ವಿಡಿಯೋ ಮಾಡಿ ದುಡಿದದ್ದು.

ಚಿತ್ರದಲ್ಲಿ ಬರಹ ಇರೋದು ಕೊನೆಯಲ್ಲಿ ಮಾತ್ರ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅದರ ಕೆಳಗೆ ಆ ಮಾಹಿತಿ ಹಕ್ಕಿನ ಉತ್ತರದ ಹಾಳೆ. ಮೊದಲ ಪ್ರದರ್ಶನ ಅದೇ ಶಾಲೆಯ ಅಂಗಳದಲ್ಲಿ, ಬಿಳಿ ಪಂಚೆ ಕಟ್ಟಿ ಮಾಡಿದೆವು. ಮುಂದಿನ ಗ್ರಾಮಸಭೆಗೆ ಊರಿನವರು ಆ ಹಾಳೆಯ ಜೆರಾಕ್ಸ್ ಹಿಡಿದುಕೊಂಡೇ ಹೋದರು. ಜೂನ್‌ನಲ್ಲಿ ಒಬ್ಬರು ಅತಿಥಿ ಶಿಕ್ಷಕಿ ಬಂದಿದ್ದಾರೆ. ಖಾಯಂ ಹುದ್ದೆ ಇನ್ನೂ ಖಾಲಿ, ನಲ್ಲಿಗೂ ನೀರು ಬಂದಿಲ್ಲ. ನೀರಿನ ಬಗ್ಗೆ ಏಳನೇ ಅರ್ಜಿ ಮೊನ್ನೆ ಹಾಕಿ ಬಂದೆ.