ಫರಶಿ ಒರಸ್ಕೋತ ಮೈ ಗಟ್ಟಿ ಮಾಡ್ಕೊಳ್ಳೋದು ಹೆಂಗ

ನಾವು ಮೂಲ ಧಾರವಾಡ ಕಡೆಯವರು, ಈಗ ಪುಣೆದಾಗ ಕೋಥ್ರೂಡ್‌ನಾಗ ಇರ್ತೀವಿ. ಹೋದ ವರ್ಷ ಗಣಪತಿ ಹಬ್ಬಕ್ಕ ಊರಿಗೆ ಹೋದ ನಮ್ಮ ಮಾವಶಿ (ಕೆಲಸಕ್ಕ ಬರೋರನ್ನ ಇಲ್ಲೆ ಹಂಗ ಕರೀತಾರ) ಒಂದೂವರೆ ತಿಂಗಳು ಬರಲಿಲ್ಲ, ಕಸ, ಭಾಂಡೆ, ಫರಶಿ ಎಲ್ಲಾ ನನ್ನ ಮ್ಯಾಲೆ ಬಿತ್ತು. ಮೊದಲ ವಾರ ಗಡಿಬಿಡಿಲೆ ಮಾಡಿ ಸೊಂಟ ಹಿಡ್ಕೊಂಡು ಕೂತೆ. ಆಮ್ಯಾಲೆ ನಿಧಾನಕ್ಕ, ಮೈ ಕಡೆ ಲಕ್ಷ್ಯ ಇಟ್ಟು ಮಾಡ್ಲಿಕ್ಕೆ ಶುರು ಮಾಡಿದೆ, ಸೊಂಟ ನೋವು ಹೋತು, ಮೂರನೇ ಮಜಲಾ ಏರೋವಾಗ ಹತ್ತೋ ದಮ್ಮು ಕಡಿಮಿ ಆತು. ಮಾವಶಿ ವಾಪಸ್ ಬಂದ ಮ್ಯಾಲೂ ಅವರ ಪಗಾರ ಹಂಗ ಇಟ್ಟು ಫರಶಿ ಕೆಲಸ ನಾನ ಇಟ್ಕೊಂಡೀನಿ.

ಎಲ್ಲಾ ಮನಿಗೆಲಸಾನೂ ವ್ಯಾಯಾಮ ಅಲ್ಲ, ಇದನ್ನ ಮೊದಲು ತಿಳ್ಕೋರಿ. ಭಾಂಡೆ ತಿಕ್ಕೋದು, ಅರಿವಿ ಮಡಚೋದು ಹಗುರ ಕೆಲಸ. ಕಸ ಹೊಡೆಯೋದು, ಫರಶಿ ಒರಸೋದು, ಬಚ್ಚಲ ತಿಕ್ಕೋದು, ನೀರು ಹೊರೋದು, ಇವು ದಮ್ಮು ಹತ್ತಿಸ್ತಾವ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ದೊಡ್ಡವರಿಗೆ ವಾರಕ್ಕ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಅಂತ ಹೇಳ್ಯಾದ, ಮನಿಗೆಲಸಾನೂ ಅದ್ರಾಗ ಲೆಕ್ಕಕ್ಕ ಬರ್ತದ, ಒಮ್ಮೆಗೆ 10 ನಿಮಿಷ ಆಗ್ಲೇಬೇಕು ಅನ್ನೋ ಹಳೇ ಷರತ್ತೂ ಈಗಿಲ್ಲ. ಮಧ್ಯಮ ಅಂದ್ರ ಎಷ್ಟು ಅಂದ್ರ, ಒರಸ್ಕೋತ ಮಾತಾಡ್ಲಿಕ್ಕೆ ಬರಬೇಕು, ಹಾಡ್ಲಿಕ್ಕೆ ದಮ್ಮು ಸಾಲಬಾರದು. ದಾಸರ ಪದದ ಒಂದು ಚರಣ ಪೂರ್ತಿ ಹಾಡ್ಲಿಕ್ಕೆ ಬಂತಂದ್ರ ಕೈ ಇನ್ನಷ್ಟು ಜೋರು ಮಾಡ್ರಿ.

ಫರಶಿ ಹಿಂಗ ಒರಸ್ರಿ. ಮೊಬೈಲ್ ಬ್ಯಾರೆ ರೂಮಿನಾಗ ಇಡ್ರಿ, ಕೋಲಿನ ಮಾಪ್ ಬಿಟ್ಟು ಅರಿವಿ ತಗೋರಿ, ಬಕೆಟ್ ಅರ್ಧ ತುಂಬಿದ್ರ ಸಾಕು. ಕುಕ್ಕರಗಾಲಿಲೆ ಕೂತು ಹಿಮ್ಮಡ ಆದಷ್ಟು ನೆಲಕ್ಕ ಊರ್ರಿ, ಬೆನ್ನು ಗೂನು ಆಗಬಾರದು. ಅರಿವಿ ದೂರ ಚಾಚೋವಾಗ ಉಸಿರು ಬಿಡ್ರಿ, ಹತ್ರ ಎಳಕೊಳ್ಳೋವಾಗ ತಗೋರಿ. ನಾಕು ಫರಶಿ ಬಲಗೈಲೆ, ನಾಕು ಎಡಗೈಲೆ. ಎಡಗೈ ಮೊದಲ ಮೊದಲ ಮಾತು ಕೇಳೋದಿಲ್ಲ, ವಾರದಾಗ ರೂಢಿ ಆಗ್ತದ. ಹಿಂದಕ್ಕ ಸರಿಯೋವಾಗ ತೊಡಿ ಉರಿತದಲ್ಲ, ಲಕ್ಷ್ಯ ಅಲ್ಲೆ ಇಡ್ರಿ. ಮನಸು ಸಾಲಿ ಫೀ, ಆಫೀಸು ಅಂತ ಓಡೇ ಓಡ್ತದ, ಆವಾಗ ಈಗಷ್ಟ ಒರಸಿದ ಫರಶಿ ಒಣಗೋದನ್ನ ನೋಡ್ರಿ, ಹಸಿ ಅಂಚಿನಿಂದ ಒಳಗೊಳಗ ಸರಕೋತ ಹೋಗಿ ನಡುವ ಒಂದು ರೂಪಾಯಿ ಅಷ್ಟು ಉಳೀತದ, ಅದೂ ಹೋಗ್ತದ, ಅಷ್ಟರಾಗ ಮನಸೂ ವಾಪಸ್ ಬಂದಿರ್ತದ. ಒಂದು ರೂಮ್ ಮುಗದ ಮ್ಯಾಲೆ ಕೈ ಊರದ ಏಳ್ಲಿಕ್ಕೆ ನೋಡ್ರಿ, ಬರದಿದ್ರ ಗ್ವಾಡಿ ಹಿಡ್ಕೋರಿ.

ಮೊಣಕಾಲು ನೋವಿದ್ದವರು ಕೂಡಲೇಬ್ಯಾಡ್ರಿ, ಕೋಲಿನ ಮಾಪ್‌ಲೆ ಮಾಡ್ರಿ, ಒಂದು ಕಾಲು ಮುಂದಿಟ್ಟು ಭಾರ ಹಿಂದ-ಮುಂದ ಮಾಡ್ಕೋತ. ಬಿಪಿ ಗುಳಗಿ ತಗೊಳ್ಳೋರು ಗಬಕ್ಕನ ಏಳಬ್ಯಾಡ್ರಿ, ಕಣ್ಣು ಕತ್ತಲಿ ಬರ್ತದ.

ಇನ್ನ ನೀರು. ರಿಪೇರಿ ಅಂತ ಇಲ್ಲೆ ಸಾಮಾನ್ಯ ಗುರುವಾರ ನೀರು ಬಂದ್ ಇಡ್ತಾರ, ಬುಧವಾರ ರಾತ್ರಿ ತುಂಬಿ ಇಡೋದು ನಮ್ಮೆಲ್ಲಾರ ಮನಿ ಕೆಲಸ. ಒಂದು ಲೀಟರ್ ಅಂದ್ರ ಒಂದು ಕೇಜಿ. ಎರಡು ಬಕೆಟ್‌ನಾಗ ಐದೈದು ಲೀಟರ್ ಹಾಕಿ, ಭುಜ ಕಿವಿಗೆ ಏರದಂಗ, ಸಣ್ಣ ಹೆಜ್ಜಿ ಇಟ್ಟು ಬಚ್ಚಲದಿಂದ ಅಡಿಗಿಮನಿಗೆ ನಡೀರಿ. ಜಿಮ್‌ನಾಗ ಇದಕ್ಕ ಫಾರ್ಮರ್ಸ್ ವಾಕ್ ಅಂತಾರ. ಎತ್ತೋವಾಗ ಮೊಣಕಾಲು ಬಗ್ಗಲಿ, ಸೊಂಟ ಬ್ಯಾಡ.

ಭಾಂಡೆ ತಿಕ್ಕೋದ್ರಾಗ ಮೈಗಿಂತ ಮನಸಿಗೆ ಲಾಭ ಜಾಸ್ತಿ. 2015ರಾಗ ಅಮೆರಿಕಾದ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯೊಳಗ 51 ವಿದ್ಯಾರ್ಥಿಗಳ ಕಡೆ ಭಾಂಡೆ ತೊಳಸಿ ನೋಡಿದ್ರು, ಸೋಪಿನ ವಾಸನಿ, ನೀರಿನ ಬಿಸಿ ಅಂತ ಲಕ್ಷ್ಯ ಇಟ್ಟು ತೊಳದವರಿಗೆ ಕಳವಳ ಕಡಿಮಿ ಅನಿಸಿತ್ತಂತ. ನಾನು ರಾತ್ರಿ ಮಲಗೋಕಿಂತ ಮೊದಲು ಭಾಂಡೆ ಮುಗಸೋದು ಇದಕ್ಕ.

ಮತ್ತ, ವ್ಯಾಯಾಮ ಆಗ್ತದಲ್ಲ ಅಂತ ಎಲ್ಲಾ ಕೆಲಸ ಹೆಣ್ಣುಮಕ್ಕಳ ಮ್ಯಾಲೆ ಹಾಕಬ್ಯಾಡ್ರಿ, ನನಗ ಈ ಮಾತು ಕೇಳಿದ್ರ ಭಾಳ ಸಿಟ್ಟು ಬರ್ತದ. ನಮ್ಮನಿಯವರಿಗೆ ರವಿವಾರ ಬಚ್ಚಲ, ಮಗನಿಗೆ ಬಾಲ್ಕನಿ. ಅವರ ಮೈಗೂ ವ್ಯಾಯಾಮ ಬೇಕಲ್ಲ.

ಮೊದಲ ವಾರ ದಿನಾ ಒಂದ ಒಂದು ರೂಮ್ ಮಾಡ್ರಿ, ಮರುದಿನ ತೊಡಿ ಹಿಡ್ಕೊಂಡಿದ್ರ ಬರೇ ಕಸ ಹೊಡೀರಿ. ಅಡಿಗಿಮನಿ ಕ್ಯಾಲೆಂಡರ್‌ನಾಗ, ಹಾಲಿನ ಲೆಕ್ಕ ಬರೆಯೋ ಅದೇ ಚೌಕದಾಗ ನಿಮಿಷ ಬರೀರಿ, ರವಿವಾರ ಕೂಡಸಿ ನೋಡ್ರಿ, 150ಕ್ಕ ಎಷ್ಟು ಕಮ್ಮಿ ಬಿತ್ತೋ ಅಷ್ಟು ಸಂಜಿಮುಂದ ನಡದಾಡಿ ಬರ್ರಿ.