ಆಸ್ಪತ್ರೆಯ ಫೈಲು ನಿಮ್ಮ ಮನೆಯಲ್ಲೂ ಇರಲಿ: ಕೇಳಿ ಪಡೆಯುವುದು ಹೇಗೆ, ಕಾಪಾಡುವುದು ಹೇಗೆ

ನನ್ನ ಸೋದರತ್ತೆಯ ಮನೆಯಲ್ಲಿ ಬೀರುವಿನ ಮೇಲೆ ಸೀರೆ ಅಂಗಡಿಯ ಹಳೇ ಕವರ್ ಒಂದು ಇರುತ್ತಿತ್ತು. ಅವರ ಆಸ್ಪತ್ರೆ ಕಾಗದಗಳೆಲ್ಲ ಅದರೊಳಗೆ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅವರಿಗೆ ಎದೆ ಹಿಡಿದಂತಾಯಿತು. ಕವರ್ ಹಿಡಿದುಕೊಂಡೇ ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ಡ್ಯೂಟಿ ಡಾಕ್ಟರ್ ಇಸಿಜಿ ತೆಗೆದರು. ಪಟ್ಟಿಯನ್ನು ಎರಡು ಸಲ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇವರದ್ದು ಹಳೇ ಇಸಿಜಿ ಇದೆಯಾ?"

ಇತ್ತು. ನಾಲ್ಕು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಗೆ ಅಡ್ಮಿಟ್ ಆಗಿದ್ದಾಗ ತೆಗೆದದ್ದು. ಕವರ್‌ನಿಂದ ತೆಗೆದು ಕೊಟ್ಟರೆ ಅದರಲ್ಲಿ ಗೆರೆಯೇ ಇಲ್ಲ. ಗುಲಾಬಿ ಬಣ್ಣದ ಚೌಕಗಳು ಉಳಿದಿದ್ದವು, ಕಪ್ಪು ಗೆರೆ ಪೂರ್ತಿ ಮಾಸಿಹೋಗಿತ್ತು.

ಅತ್ತೆಯ ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಸಾಗುವ ದಾರಿಯಲ್ಲಿ ತಡೆ ಕಾಣುತ್ತಿತ್ತು. ಡಾಕ್ಟರುಗಳು ಇದನ್ನು ಎಲ್‌ಬಿಬಿಬಿ ಎನ್ನುತ್ತಾರೆ. ಅದು ಮೊದಲಿನಿಂದ ಇದ್ದದ್ದೋ, ಆ ರಾತ್ರಿ ಬಂದದ್ದೋ? ಹೊಸದಾಗಿದ್ದರೆ ಹಾರ್ಟ್ ಅಟ್ಯಾಕ್ ಇರಬಹುದು. ಹೋಲಿಸಿ ನೋಡಲು ಏನೂ ಇಲ್ಲದಾಗ ಹೊಸದೆಂದೇ ತಿಳಿದು ಓಡಬೇಕಾಗುತ್ತದೆ. ಆ ಡಾಕ್ಟರ್ ಮಾಡಿದ್ದೂ ಅದನ್ನೇ, ಅದು ಸರಿಯೂ ಹೌದು. ಆಂಬುಲೆನ್ಸ್, ಜಿಲ್ಲಾ ಕೇಂದ್ರ, ಎರಡು ದಿನ ಐಸಿಯು. ಕೊನೆಗೆ ಹಾರ್ಟ್ ಅಟ್ಯಾಕ್ ಅಲ್ಲ ಎಂದು ಗೊತ್ತಾಯಿತು. ಆಮೇಲೆ ಹಳೇ ಆಸ್ಪತ್ರೆಗೆ ಹೋಗಿ ಫೈಲು ಕೇಳಿದೆ. "ಮೂರು ವರ್ಷ ದಾಟಿದ್ದನ್ನು ನಾವು ಇಡುವುದಿಲ್ಲ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡರೆ ಸಾಕು. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ, ಅದು ನಮಗೆ ಅನುಕೂಲದ್ದು: ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ ಅದು ವೃತ್ತಿ ದುರ್ನಡತೆ.

ಇನ್ನು ಒಪಿಡಿಯಲ್ಲಿ ತೋರಿಸಿಕೊಂಡು ಬಂದರೆ? ಮೂರು ವರ್ಷದ ಈ ನಿಯಮ ಇರುವುದು ಅಡ್ಮಿಟ್ ಆದವರ ಬಗ್ಗೆ. ಹಾಗಾಗಿ ಎಷ್ಟೋ ಕ್ಲಿನಿಕ್‌ಗಳಲ್ಲಿ ನಿಮ್ಮ ಕೈಗೆ ಕೊಟ್ಟ ಚೀಟಿಯೇ ಮೊದಲ ಪ್ರತಿ, ಕೊನೆಯ ಪ್ರತಿ ಎರಡೂ. ಔಷಧಿ ಅಂಗಡಿಯಲ್ಲಿ ಬಿಟ್ಟು ಬಂದರೆ ಹೋಯಿತು.

ಮೊದಲು: ಡಿಸ್ಚಾರ್ಜ್ ದಿನ, ಆಟೋ ಹತ್ತುವ ಮುಂಚೆ

ಡಿಸ್ಚಾರ್ಜ್ ದಿನ ಎಲ್ಲರಿಗೂ ಮನೆಗೆ ಹೋಗುವ ಅವಸರ. ಬಿಲ್ ಕೌಂಟರ್‌ನಲ್ಲೇ ಅರ್ಧ ದಿನ ಕಳೆದಿರುತ್ತದೆ. ಆದರೂ ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಮೇಲೆ ಹತ್ತು ನಿಮಿಷ ಕುಳಿತು ಓದಿ. ಇಂಗ್ಲಿಷ್ ಬಾರದಿದ್ದರೆ ನರ್ಸ್ ಹತ್ತಿರ ಓದಿಸಿಕೊಳ್ಳಿ. ತಪ್ಪಿದ್ದರೆ ಅಲ್ಲೇ ತಿದ್ದಿಸುವುದು ಸುಲಭ. ಆರು ತಿಂಗಳಾದ ಮೇಲೆ ಬಹಳ ಕಷ್ಟ.

ಹೆಸರು ಮತ್ತು ವಯಸ್ಸು ಆಧಾರ್‌ನಲ್ಲಿ ಇದ್ದಂತೆಯೇ ಇವೆಯಾ ನೋಡಿ. ಆಪರೇಷನ್ ಆಗಿದ್ದರೆ ಎಡಗಾಲೋ ಬಲಗಾಲೋ ಎಂಬುದು ಸರಿಯಾಗಿದೆಯಾ? ಯಾವ ಔಷಧಿ ಅಲರ್ಜಿ ಎಂದು ನೀವು ಹೇಳಿದ್ದಿರಿ, ಅದನ್ನು ಬರೆದಿದ್ದಾರಾ? ಮಾತ್ರೆಗಳಲ್ಲಿ ಯಾವುದು ಎಷ್ಟು ದಿನ, ಯಾವುದು ಜೀವನಪರ್ಯಂತ ಎಂಬುದು ಸ್ಪಷ್ಟವಾಗಿರಬೇಕು.

ಒಂದು ಸಾಲನ್ನು ಮಾತ್ರ ಎರಡು ಸಲ ಓದಿ. "ಇಷ್ಟು ವರ್ಷದಿಂದ ಬಿಪಿ, ಇಷ್ಟು ವರ್ಷದಿಂದ ಶುಗರ್" ಎಂಬ ಸಾಲು. ಅಡ್ಮಿಟ್ ಆಗುವಾಗ ಗಾಬರಿಯಲ್ಲಿ ಜೊತೆಗಿದ್ದವರು ಯಾರೋ "ಒಂದು ಹತ್ತು ವರ್ಷ ಆಯ್ತೇನೋ" ಎಂದಿರುತ್ತಾರೆ. ಅದು ಹಾಗೇ ಅಚ್ಚಾಗುತ್ತದೆ. ನಿಜವಾಗಿ ಎರಡೇ ವರ್ಷ ಆಗಿರಬಹುದು. ವಿಮೆ ಕಂಪನಿಯವರು ಮೊದಲು ಹುಡುಕುವುದು ಈ ಸಾಲನ್ನೇ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಕಾಯಿಲೆ ಇತ್ತು, ನೀವು ಮುಚ್ಚಿಟ್ಟಿರಿ ಎಂದು ಕ್ಲೇಮ್ ತಳ್ಳಿಹಾಕಲು ಆ ಒಂದು ಸಂಖ್ಯೆ ಸಾಕು. ನಿಜ ಏನಿದೆಯೋ ಅದನ್ನೇ ಬರೆಸಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಡಾಕ್ಟರ ಮಾತು ಮೀರಿ ನಾವೇ ಡಿಸ್ಚಾರ್ಜ್ ಮಾಡಿಸಿಕೊಂಡರೂ ಸಮ್ಮರಿ ಕೇಳಿ ಪಡೆಯಿರಿ. "ನೀವಾಗಿ ಹೋಗುತ್ತಿದ್ದೀರಿ, ಕೊಡುವುದಿಲ್ಲ" ಎಂಬ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ. ಮುಂದಿನ ಆಸ್ಪತ್ರೆಗೆ ಅದು ಬೇಕೇ ಬೇಕು.

ಸಮ್ಮರಿ ಒಂದೇ ಸಾಲದು

ಡಿಸ್ಚಾರ್ಜ್ ಸಮ್ಮರಿ ಎಂದರೆ ಇಡೀ ಕಥೆಯ ಸಾರಾಂಶ. ಕಥೆ ಇರುವುದು ಕೇಸ್ ಶೀಟ್‌ನಲ್ಲಿ, ಅಂದರೆ ಆಸ್ಪತ್ರೆಯವರು ದಿನದಿನವೂ ಬರೆದಿಟ್ಟ ಚಿಕಿತ್ಸೆಯ ದಾಖಲೆಯಲ್ಲಿ. ಪ್ರತಿ ಸಲವೂ ಇಡೀ ಕೇಸ್ ಶೀಟ್ ಬೇಕಾಗುವುದಿಲ್ಲ. ಎರಡು ದಿನದ ಜ್ವರಕ್ಕೆ ಸಮ್ಮರಿ ಮತ್ತು ರಕ್ತದ ರಿಪೋರ್ಟು ಸಾಕು. ಆದರೆ ಈ ಕೆಳಗಿನ ಸಂದರ್ಭಗಳಲ್ಲಿ ಬಿಡಬೇಡಿ.

ಆಪರೇಷನ್ ಆಗಿದ್ದರೆ ಆಪರೇಷನ್ ನೋಟ್ಸ್ ಕೇಳಿ. ಒಳಗೆ ಏನು ಕಂಡಿತು, ಏನು ತೆಗೆದರು, ಏನು ಕೂರಿಸಿದರು ಎಂಬುದು ಅದರಲ್ಲಿ ಇರುತ್ತದೆ. ಅರಿವಳಿಕೆ ಕೊಟ್ಟವರ ಹಾಳೆಯೂ ಮುಖ್ಯ. ಗಂಟಲಿಗೆ ನಳಿಗೆ ಹಾಕಲು ಕಷ್ಟವಾಗಿದ್ದರೆ ಅದನ್ನು ಅಲ್ಲಿ ಬರೆದಿರುತ್ತಾರೆ. ಮುಂದಿನ ಆಪರೇಷನ್ ಮಾಡುವವರು ಅದನ್ನು ನೋಡಿ ಮೊದಲೇ ಸಿದ್ಧರಾಗುತ್ತಾರೆ.

ಮೈಯೊಳಗೆ ಏನಾದರೂ ಕೂರಿಸಿದ್ದರೆ, ಸ್ಟೆಂಟ್ ಇರಲಿ, ಕಣ್ಣಿನ ಲೆನ್ಸ್ ಇರಲಿ, ಮಂಡಿಯ ಇಂಪ್ಲಾಂಟ್ ಇರಲಿ, ಅದರ ಡಬ್ಬಿಯ ಮೇಲಿನ ಸ್ಟಿಕ್ಕರ್ ನಿಮ್ಮ ಕಾಗದಗಳಲ್ಲಿ ಅಂಟಿಸಿದೆಯಾ ನೋಡಿ. ಕಂಪನಿ, ಅಳತೆ, ಬ್ಯಾಚ್ ನಂಬರ್ ಎಲ್ಲ ಅದರಲ್ಲೇ ಇರುವುದು. ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಒಂದು ಕಾರ್ಡ್ ಕೊಡುತ್ತಾರೆ. ಅದು ಸದಾ ಪರ್ಸ್‌ನಲ್ಲಿರಲಿ. ಎಂಆರ್‌ಐ ಮಾಡಬಹುದೋ ಬೇಡವೋ ಎಂದು ತೀರ್ಮಾನಿಸುವವರು ಮೊದಲು ಯಾವ ಮಾಡೆಲ್ ಎಂದು ಕೇಳುತ್ತಾರೆ.

ಸ್ಕ್ಯಾನ್ ಆಗಿದ್ದರೆ ರಿಪೋರ್ಟ್ ಹಾಳೆಯ ಜೊತೆ ಸಿಡಿ ಕೇಳಿ. ರಿಪೋರ್ಟ್ ಒಬ್ಬ ಡಾಕ್ಟರ ಅಭಿಪ್ರಾಯ, ಸಿಡಿಯಲ್ಲಿರುವುದು ಚಿತ್ರವೇ. ಬಯಾಪ್ಸಿ ಆಗಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮಾಂಸದ ತುಣುಕನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಲ್ಯಾಬ್‌ನಲ್ಲಿ ಇರುತ್ತವೆ. ಕ್ಯಾನ್ಸರ್ ಆಸ್ಪತ್ರೆಗಳು ಸಾಮಾನ್ಯವಾಗಿ ಅವನ್ನು ತಾವೇ ಮತ್ತೆ ನೋಡುತ್ತವೆ. ಊರಿನಿಂದ ಬೆಂಗಳೂರಿಗೆ ಹೋಗಿ, "ಬ್ಲಾಕ್ ತನ್ನಿ" ಎಂದು ಕೇಳಿಸಿಕೊಂಡು, ರಾತ್ರಿ ಬಸ್ಸಿಗೆ ವಾಪಸ್ ಬರುವವರಿದ್ದಾರೆ. ರೋಗಿಯನ್ನು ಕರೆದುಕೊಂಡು ಆ ಓಡಾಟ ಎಷ್ಟು ಸಂಕಟ ಅಲ್ವಾ? ಹೊರಡುವ ಮೊದಲೇ ತೆಗೆದುಕೊಳ್ಳಿ.

ಬಸುರಿ ಹೆಣ್ಣುಮಕ್ಕಳ ತಾಯಿ ಕಾರ್ಡನ್ನು ಹೆರಿಗೆ ಆದ ಮೇಲೆ ಎಸೆಯಬೇಡಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ಮಗುವಿನದ್ದು ಪಾಸಿಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಕೊಟ್ಟರೋ ಇಲ್ಲವೋ ಎಂಬುದು ಮುಂದಿನ ಬಸಿರಿನ ಮಗುವಿನ ಪ್ರಶ್ನೆ. ಮಗುವಿನ ಲಸಿಕೆಗಳ ಪುಟವೂ ಹಾಗೇ. ಇಪ್ಪತ್ತು ವರ್ಷ ಬಿಟ್ಟು ಅಮೆರಿಕದ ಕಾಲೇಜು ದಡಾರದ ಲಸಿಕೆಯ ದಾಖಲೆ ಕೇಳಿದಾಗ ಅಮ್ಮಂದಿರು ಟ್ರಂಕು ತಡಕುತ್ತಾರೆ.

ಕೇಳುವುದು ಹೇಗೆ

ನಮ್ಮಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ. "ಡಾಕ್ಟರ್ ಬೇಜಾರು ಮಾಡಿಕೊಂಡಾರು", "ನಮ್ಮ ಮೇಲೆ ನಂಬಿಕೆ ಇಲ್ವಾ ಎಂದಾರು" ಎಂಬ ಅಳುಕು. ಆ ಅಳುಕು ನನಗೂ ಇತ್ತು. ದಾಖಲೆ ಕೇಳುವುದು ಜಗಳವಲ್ಲ, ದೂರೂ ಅಲ್ಲ. ಆಸ್ಪತ್ರೆಯ ಫೈಲು ಆಸ್ಪತ್ರೆಯ ಕಪಾಟಿನಲ್ಲೇ ಉಳಿಯುತ್ತದೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ನಡೆದು ಹೋಗುವವರು ನಾವೇ, ಕಾಗದವೂ ನಮ್ಮ ಜೊತೆಗೇ ಬರಬೇಕು. ಕಾರಣ ಕೇಳಿದರೆ "ಮನೆಯಲ್ಲಿ ಇಟ್ಟುಕೊಳ್ಳಲು" ಎನ್ನಿ. ಅಷ್ಟು ಸಾಕು.

ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಎಂಆರ್‌ಡಿ ಎಂಬ ವಿಭಾಗ ಇರುತ್ತದೆ, ಎಷ್ಟೋ ಕಡೆ ನೆಲಮಾಳಿಗೆಯಲ್ಲಿ. ಸಣ್ಣ ನರ್ಸಿಂಗ್ ಹೋಮ್ ಆದರೆ ರಿಸೆಪ್ಷನ್‌ನಲ್ಲೇ ಕೇಳಿ. ಬಾಯಲ್ಲಿ ಕೇಳಿದರೆ "ನಾಳೆ ಬನ್ನಿ" ಎಂಬ ಉತ್ತರ ಬರಬಹುದು. ಬರೆದು ಕೊಡಿ. ಕನ್ನಡದಲ್ಲೇ ಬರೆಯಿರಿ. ಇಷ್ಟು ಸಾಕು:

"ಇವರಿಗೆ, ವೈದ್ಯಕೀಯ ಅಧೀಕ್ಷಕರು. ನಾನು (ಹೆಸರು, ವಯಸ್ಸು) ನಿಮ್ಮ ಆಸ್ಪತ್ರೆಯಲ್ಲಿ (ತಾರೀಕು)ರಿಂದ (ತಾರೀಕು)ರವರೆಗೆ ಒಳರೋಗಿಯಾಗಿದ್ದೆ. ಐಪಿ (ಒಳರೋಗಿ) ನಂಬರ್ (ಇಷ್ಟು). ನನ್ನ ಕೇಸ್ ಶೀಟ್, ಆಪರೇಷನ್ ನೋಟ್ಸ್, ಎಲ್ಲ ಪರೀಕ್ಷೆಗಳ ರಿಪೋರ್ಟ್ ಮತ್ತು ಸ್ಕ್ಯಾನ್ ಸಿಡಿಯ ಪ್ರತಿಗಳನ್ನು 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕೆಂದು ಕೋರುತ್ತೇನೆ. ಪ್ರತಿಗಳ ಖರ್ಚನ್ನು ಕಟ್ಟುತ್ತೇನೆ."

ಕೆಳಗೆ ಸಹಿ, ತಾರೀಕು, ಫೋನ್ ನಂಬರ್. ಜೊತೆಗೆ ಗುರುತಿನ ಚೀಟಿಯ ಜೆರಾಕ್ಸ್. ಈ ಅರ್ಜಿಯದ್ದೂ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಆ 72 ಗಂಟೆಯ ಲೆಕ್ಕ ಹೇಳಲು ನಿಮ್ಮ ಕೈಯಲ್ಲಿರುವ ಆಧಾರ ಈ ಸೀಲೇ.

ರೋಗಿ ಹೋಗಲಾರದ ಸ್ಥಿತಿಯಲ್ಲಿದ್ದರೆ ಅವರು ಸಹಿ ಮಾಡಿದ ಒಪ್ಪಿಗೆ ಪತ್ರ ಒಯ್ಯಿರಿ. ರೋಗಿ ತೀರಿಕೊಂಡಿದ್ದರೆ ಹತ್ತಿರದ ಸಂಬಂಧಿಕರು ಡೆತ್ ಸಮ್ಮರಿ ಮತ್ತು ರಿಪೋರ್ಟುಗಳನ್ನು ಕೇಳಬಹುದು. ಆ ದುಃಖದಲ್ಲಿ ಯಾರಿಗೂ ಕಾಗದದ ನೆನಪಾಗುವುದಿಲ್ಲ. ಮನೆಯವರಲ್ಲದ ಒಬ್ಬ ಸ್ನೇಹಿತರಿಗೆ ಈ ಕೆಲಸ ಒಪ್ಪಿಸಿ, ಪತ್ರಕ್ಕೆ ಸಹಿ ಮಾತ್ರ ನೀವು ಮಾಡಿ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರಿಗೂ ತಮ್ಮ ದಾಖಲೆ ನೋಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ.

ಅಪಘಾತದ ಕೇಸಾದರೆ ಗಾಯದ ಪ್ರಮಾಣಪತ್ರ, ಬಿಲ್ಲು, ಎಕ್ಸ್‌ರೇ ಎಲ್ಲ ಒಟ್ಟಿಗೆ ಇರಲಿ. ಮೋಟಾರು ಅಪಘಾತ ಪರಿಹಾರದ ಕೇಸು ನಿಲ್ಲುವುದು ಇವುಗಳ ಮೇಲೆ.

ಕೊಡದಿದ್ದರೆ

ಮೊದಲು ವೈದ್ಯಕೀಯ ಅಧೀಕ್ಷಕರನ್ನೇ ಭೇಟಿ ಮಾಡಿ, ಸೀಲು ಹಾಕಿದ ಪ್ರತಿ ತೋರಿಸಿ. ಬಹಳ ಸಲ ಅಲ್ಲಿಗೇ ಕೆಲಸ ಆಗುತ್ತದೆ. ಆಗದಿದ್ದರೆ ಖಾಸಗಿ ಆಸ್ಪತ್ರೆಗಳ ಮೇಲೆ ಕರ್ನಾಟಕದಲ್ಲಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಡಾಕ್ಟರ ನಡತೆಯ ಬಗ್ಗೆಯೇ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ.

ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ದಾರಿಯೂ ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಿಮ್ಮದೇ ದಾಖಲೆ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅದಕ್ಕೆ 2 ವರ್ಷದ ಮಿತಿ ಇದೆ.

ಮನೆಯಲ್ಲಿ ಇಡುವುದು ಹೇಗೆ

ಒಬ್ಬರಿಗೆ ಒಂದು ಫೈಲು. ಗಂಡ ಹೆಂಡತಿಯದ್ದು ಒಂದೇ ಕವರ್‌ನಲ್ಲಿ ಬೇಡ. ಅವಸರದಲ್ಲಿ ರಿಪೋರ್ಟು ಅದಲು ಬದಲಾಗುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ರಕ್ತದ ರಿಪೋರ್ಟುಗಳಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಅಂಕಿ) ಇರುವ ಹಾಳೆಗಳನ್ನು ವರ್ಷವಾರು ಜೋಡಿಸಿ. ಇವತ್ತು 1.4 ಇದೆ ಎಂದರೆ ಡಾಕ್ಟರಿಗೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಐದು ವರ್ಷದಿಂದ 1.4 ಇದೆಯೋ, ಹೋದ ತಿಂಗಳು 0.9 ಇದ್ದದ್ದು ಈಗ 1.4 ಆಯಿತೋ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ.

ಇಸಿಜಿ ಹೆಚ್ಚಾಗಿ ಥರ್ಮಲ್ ಪೇಪರ್ ಮೇಲೆ ಬರುತ್ತದೆ. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿ ಕಪ್ಪಾಗುವ ಕಾಗದ ಅದು. ಹಾಗಾಗಿ ಕಾಲ ಕಳೆದಂತೆ ಗೆರೆ ಮಾಸುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲೂ ಫೋಟೋ ತೆಗೆಯಿರಿ. ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ, ಆ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ. ಔಷಧಿ ಅಂಗಡಿಯ ಬಿಲ್ಲುಗಳದ್ದೂ ಎಷ್ಟೋ ಕಡೆ ಇದೇ ಕಾಗದ.

ವಿಮೆ ಕಂಪನಿ ಮೂಲ ಪ್ರತಿ ಕೇಳಿದರೆ ಕೊಡಬೇಕಾಗುತ್ತದೆ. ಕೊಡುವ ಮೊದಲು ಪ್ರತಿಯೊಂದು ಹಾಳೆಯ ಪ್ರತಿ ಮಾಡಿಸಿ. ಬಿಲ್ಲಿನ ಹಿಂಬದಿಯನ್ನೂ ಬಿಡಬೇಡಿ.

ಫೋನಿನಲ್ಲಿ ಇಡುವವರಿಗೆ ಆಭಾ ಖಾತೆ ಒಂದು ದಾರಿ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿ ಸಿಗುವ 14 ಅಂಕಿಯ ಈ ನಂಬರಿಗೆ, ಅದಕ್ಕೆ ಸೇರಿಕೊಂಡಿರುವ ಆಸ್ಪತ್ರೆ ಮತ್ತು ಲ್ಯಾಬ್‌ಗಳ ದಾಖಲೆ ಜೋಡಿಸಬಹುದು. ನಿಮ್ಮ ಒಪ್ಪಿಗೆ ಕೊಟ್ಟ ಮೇಲೆಯೇ ಇನ್ನೊಬ್ಬ ಡಾಕ್ಟರ್ ಅದನ್ನು ನೋಡಲು ಸಾಧ್ಯ. ಒಳ್ಳೆಯ ಸೌಲಭ್ಯವೇ. ಆದರೂ ನಾನು ಕಾಗದ ಬಿಡು ಎನ್ನುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನಿನ ಚಾರ್ಜ್ ಮುಗಿದಿರಬಹುದು. ರಿಪೋರ್ಟನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆ ರೋಗಿಯನ್ನು ಒಂದು ಮಾತು ಕೇಳಿ. ಅದು ಅವರ ಮೈಯ ಸುದ್ದಿ.

ಕೊನೆಯದಾಗಿ, ಫೈಲಿನ ಮೇಲೆ ಒಂದೇ ಒಂದು ಹಾಳೆ ಇಡಿ. ಹೆಸರು, ರಕ್ತದ ಗುಂಪು, ಅಲರ್ಜಿ, ಇರುವ ಕಾಯಿಲೆಗಳು, ಆಗಿರುವ ಆಪರೇಷನ್‌ಗಳು ಮತ್ತು ವರ್ಷ, ಈಗ ನುಂಗುತ್ತಿರುವ ಮಾತ್ರೆಗಳು, ಫೋನ್ ಮಾಡಬೇಕಾದ ಇಬ್ಬರ ನಂಬರ್. ಮಾತ್ರೆಯ ಹೆಸರನ್ನು ಅದರ ಸ್ಟ್ರಿಪ್ ನೋಡಿಕೊಂಡು ಇಂಗ್ಲಿಷ್‌ನಲ್ಲೇ ಬರೆಯಿರಿ. "ಬೆಳಿಗ್ಗೆ ಒಂದು ಬಿಳಿ ಮಾತ್ರೆ" ಎಂದರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿರುವ ಡಿಸ್ಚಾರ್ಜ್ ಸಮ್ಮರಿಗಳನ್ನು ಹೊರತೆಗೆಯಿರಿ. ಮೇಲ್ಗಡೆ ಅಡ್ಮಿಟ್ ಆದ ತಾರೀಕು ಇರುತ್ತದೆ. ಅದಕ್ಕೆ ಮೂರು ವರ್ಷ ಸೇರಿಸಿ ಕ್ಯಾಲೆಂಡರ್ ಮೇಲೆ ಗುರುತು ಮಾಡಿ. ಯಾವುದರ ಗಡುವು ಹತ್ತಿರ ಬಂದಿದೆಯೋ ಆ ಆಸ್ಪತ್ರೆಗೆ ಮೊದಲು ಹೋಗಿ. ಕೆಲಸದ ದಿನವೇ ಹೋಗಿ, ಭಾನುವಾರ ಎಂಆರ್‌ಡಿ ತೆರೆದಿರುವುದು ಕಡಿಮೆ.